ಒದೆಯದ ಪಿಸ್ತೂಲು

ದೇವರಮನೆ ಗುಡ್ಡದ ಬುಡದಲ್ಲಿರುವ ಕಡೇಗದ್ದೆಯಲ್ಲಿ, ಜರ್ಮನಿ ಯುದ್ಧ ಮುಗಿದು ಹತ್ತು ಹನ್ನೆರಡು ವರ್ಷವಾಗಿದ್ದ ಆ ಕಾಲಕ್ಕೆ, ಒಬ್ಬ ಗಂಡಸಿನ ಯೋಗ್ಯತೆ ತಿಳಿಯಬೇಕಾದರೆ ಅವನ ತೋಟ ಎಷ್ಟು ಎಕರೆ ಎಂದು ಯಾರೂ ಕೇಳುತ್ತಿರಲಿಲ್ಲ. ಯುಗಾದಿ ಮಾರನೇ ದಿನದ ಹಂದಿ ಷಿಕಾರಿಯಲ್ಲಿ ಅವನ ಮನೆಗೆ ಯಾವ ಪಾಲು ಹೋಯಿತು ಎಂದು ಕೇಳುತ್ತಿದ್ದರು. ಹಂದಿ ತಪ್ಪಿಸಿಕೊಂಡು ಓಡುವ ದಾರಿಗೆ ಅಲ್ಲಿ ಕಂಡಿ ಎಂದು ಹೆಸರು. ಆ ಕಂಡಿಯಲ್ಲಿ ಕೋವಿ ಹಿಡಿದು ನಿಂತವನಿಗೆ ಕೋವಿ ಪಾಲು. ಕಾಡಿನೊಳಗೆ ನುಗ್ಗಿ, ಬೊಬ್ಬೆ ಹಾಕಿ, ಹಂದಿಯನ್ನು ಕಂಡಿಯ ಕಡೆಗೆ ಅಟ್ಟುವವನಿಗೆ ಸೋವಿನ ಪಾಲು. ತೂಕದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕೋವಿ ಪಾಲನ್ನು ಬಾಳೆಲೆಯಲ್ಲಿ ಕಟ್ಟಿ ಕೊಡುತ್ತಾರೆ, ಸೋವಿನ ಪಾಲನ್ನು ಬುಟ್ಟಿಯಿಂದ ಬಾಚಿ ಕೊಡುತ್ತಾರೆ, ಅಷ್ಟೇ. ಆದರೆ ಆ ಬಾಳೆಲೆಯ ಸಲುವಾಗಿ ಕಡೇಗದ್ದೆಯಲ್ಲಿ ಹೆಣ್ಣು ಕೊಡುವುದು ತರುವುದು ನಿಂತದ್ದೂ ಉಂಟು.

ಪುಟ್ಟಸ್ವಾಮಿ ಗೌಡರ ಮನೆಗೆ ಅಜ್ಜನ ಕಾಲದಿಂದ ಬಾಳೆಲೆಯೇ ಬರುತ್ತಿತ್ತು. ನೇರಳೆ ಮರದ ಕಂಡಿ ಅವರ ಮನೆತನದ್ದು. ಗೌಡರಿಗೆ ಇಪ್ಪತ್ತು ಎಕರೆ ಕಾಫಿ ಇತ್ತು, ದಪ್ಪ ಮೀಸೆ ಇತ್ತು, ಕತ್ತಲಲ್ಲಿ ಎದುರಾದರೆ ಜನ ಬೆಚ್ಚಿಬೀಳಬೇಕಾದ ಮೈಕಟ್ಟೂ ಇತ್ತು. ಇಲ್ಲದ್ದು ಒಂದೇ, ತಮ್ಮ ಬಲಭುಜದ ಮೇಲೆ ನಂಬಿಕೆ. ಅಪ್ಪ ಬಿಟ್ಟುಹೋದ ಕೇಪಿನ ಕೋವಿಗೆ ಹಂದಿಗಿಂತ ತನ್ನನ್ನು ಹಿಡಿದವನ ಮೇಲೇ ಹೆಚ್ಚು ಸಿಟ್ಟು. ಎರಡು ವರ್ಷದ ಹಿಂದೆ ಗುಂಡು ಹಾರಿದೊಡನೆ ಅದು ಹಿಂದಕ್ಕೆ ಭುಜಕ್ಕೆ ಒದ್ದ ಒದೆತಕ್ಕೆ ಗೌಡರು ತಿಂಗಳೊಪ್ಪತ್ತು ಎಡಗೈಯಲ್ಲಿ ಉಂಡು, ಮದುವೆ ಮನೆಯಲ್ಲಿ ಎಡಗೈಯಲ್ಲೇ ಅಕ್ಷತೆ ಹಾಕಿ, ನೆಂಟರ ಕೈಲಿ ಬೈಸಿಕೊಂಡಿದ್ದರು. ಹೋದ ವರ್ಷ ಹಂದಿ ನುಗ್ಗಿ ಬರುವ ಸದ್ದು ಕೇಳಿದಾಗ ಅವರಿಗೆ ಹಂದಿ ನೆನಪಾಗಲಿಲ್ಲ, ಭುಜ ನೆನಪಾಯಿತು. ಕೋವಿಯನ್ನು ಮೆಲ್ಲಗೆ ಮರಕ್ಕೆ ಒರಗಿಸಿದರು. ಆಮೇಲೆ ಹಂದಿಗಿಂತ ಮೊದಲು ಊರು ಸೇರಿದರು.

ಷಿಕಾರಿಯ ಯಜಮಾನಿಕೆ ಗುರುವಯ್ಯನದು. ವರ್ಷವೆಲ್ಲ ಗೌಡರುಗಳ ತೋಟದಲ್ಲಿ ಕೂಲಿ ಮಾಡುವ ಎಪ್ಪತ್ತರ ಮುದುಕ, ಆ ಒಂದು ದಿನ ಎಲ್ಲ ಗೌಡರಿಗೂ ದೊರೆ. ಅವನ ಮಾತಿಗೆ ಮೇಲ್ಮನವಿ ಇಲ್ಲ. ಹೋದ ವರ್ಷ ಅವನು ಪುಟ್ಟಸ್ವಾಮಿ ಗೌಡರ ಮನೆಗೆ ಬುಟ್ಟಿಯಿಂದ ಬಾಚಿದ ಪಾಲನ್ನೇ ಕಳಿಸಿದ. ಸತತ ಎರಡು ವರ್ಷ ಕಂಡಿ ಬಿಟ್ಟು ಓಡಿದವನ ಮನೆತನಕ್ಕೆ ಆ ಕಂಡಿಯೇ ಇಲ್ಲ ಎಂಬ ಕಟ್ಟಳೆಯನ್ನೂ ನೆನಪಿಸಿ ಕಳಿಸಿದ. ಗೌಡರ ಹೆಂಡತಿ ಶಂಕರಮ್ಮ ಆ ಪಾಲನ್ನು ಒಲೆಗೆ ಏರಿಸಲಿಲ್ಲ.

"ಈ ಸಲವೂ ಬಾಳೆಲೆ ಬರ್ದಿದ್ರೆ ನಾನು ತವರಿಗೆ ಗಿವರಿಗೆ ಹೋಗೋಳಲ್ಲ," ಎಂದರು. "ಇಲ್ಲೇ ಇರ್ತೀನಿ. ದಿನಾ ನಿಮ್ಮ ಮುಖ ನೋಡ್ತಾ ಕೂತ್ಕೊಳ್ತೀನಿ."

ಈ ಬೆದರಿಕೆ ಗೌಡರ ಎದೆಗೆ ನೇರವಾಗಿ ನಾಟಿತು. ವರ್ಷವಿಡೀ ಯೋಚಿಸಿ ಅವರೊಂದು ಸಿದ್ಧಾಂತ ಮಾಡಿದರು. ಎತ್ತು ಒದ್ದಹಾಗೆ ಕೋಳಿ ಒದೆಯುವುದಿಲ್ಲ. ಆದ್ದರಿಂದ ಕೋವಿ ಚಿಕ್ಕದಾದಷ್ಟೂ ಒದೆತ ಚಿಕ್ಕದು. ಎಲ್ಲಕ್ಕಿಂತ ಚಿಕ್ಕ ಕೋವಿ ಯಾವುದು? ಪಿಸ್ತೂಲು! ಕಂಡಿಯಲ್ಲಿ ನಿಲ್ಲುವ ಕೋವಿ ಎಷ್ಟು ಉದ್ದ ಇರಬೇಕು ಎಂದು ಯಾವ ಹಿರಿಯರೂ ಹೇಳಿಲ್ಲ. ಇಷ್ಟು ದೊಡ್ಡ ಸತ್ಯ ಹೊಳೆದ ಮೇಲೆ ಅದನ್ನು ಯಾರಿಗೂ ಹೇಳಬಾರದೆಂದೂ ಅವರಿಗೆ ಹೊಳೆಯಿತು. ಹೇಳಿದರೆ ಮೊದಲು ಭುಜದ ಕಥೆ ಹೇಳಬೇಕಾಗುತ್ತಿತ್ತು. ಹೀಗೆ ಬಾಯಿ ಮುಚ್ಚಿಕೊಂಡದ್ದೇ ಮುಂದಿನ ಎಲ್ಲ ಅನಾಹುತಕ್ಕೂ ಮೂಲ.

ಮೂಡಿಗೆರೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು ಅರ್ಜಿ ಬರೆಯಲು ಕೂತು ಕೇಳಿದರು, "ಪಿಸ್ತೂಲಾ? ಎಂಥಕ್ಕೆ ಗೌಡ್ರೇ?"

"ಬೇಕಿತ್ತು."

"ಬೇಕಿತ್ತು ಅಂತ ಸರ್ಕಾರಕ್ಕೆ ಬರೆಯೋಕಾಗ್ತದಾ? ಕೋವಿ ಆದ್ರೆ ಹಂದಿ ಕಾಟ ಅಂತ ಬರೀಬಹುದು. ಪಿಸ್ತೂಲಿಂದ ಹಂದಿ ಹೊಡೆಯೋ ಹುಚ್ಚ ಯಾರಿದ್ದಾನೆ? ಪ್ರಾಣಭಯ ಅಂತ ಬರೀಬೇಕು. ಯಾರಿಂದ ಭಯ ನಿಮಗೆ?"

ನಮ್ಮಪ್ಪನ ಕೋವಿಯಿಂದ ಎಂದು ಹೇಳುವುದು ಹೇಗೆ? ಗೌಡರ ಮುಖ ಕೆಂಪಾಯಿತು. ಕಿಟಕಿಯ ಕಡೆ ತಿರುಗಿ ನಿಟ್ಟುಸಿರು ಬಿಟ್ಟರು. ಕಿಟಕಿಯಾಚೆ ಆಲದ ಮರದ ಕೆಳಗೆ ಸೀಮೆಎಣ್ಣೆ ಡಬ್ಬ ಇಟ್ಟುಕೊಂಡು ಮೋಟಾರಿಗೆ ಕಾಯುತ್ತ ನಿಂತವರು ತಿಮ್ಮಪ್ಪ ಗೌಡರು. ಅವರು ಪುಟ್ಟಸ್ವಾಮಿ ಗೌಡರಿಗೆ ದಾಯಾದಿ, ಪಕ್ಕದ ತೋಟದವರು. ಇಬ್ಬರಿಗೂ ನಡುವಿನ ಬೇಲಿ ಮೂರಡಿ ಅತ್ತಲೋ ಇತ್ತಲೋ ಎಂಬ ವ್ಯಾಜ್ಯ ನಾಲ್ಕು ವರ್ಷದಿಂದ ಕೋರ್ಟಿನಲ್ಲಿತ್ತು. ಗುಮಾಸ್ತರು ಗೌಡರ ಕಣ್ಣು ಹೋದ ಕಡೆ ನೋಡಿದರು. ತಿಮ್ಮಪ್ಪ ಗೌಡರನ್ನು ಕಂಡರು. ಲೇಖಣಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ತಲೆಯಾಡಿಸಿದರು.

"ಹೇಳ್ಬೇಡಿ ಗೌಡ್ರೇ. ಅರ್ಥ ಆಯ್ತು."

ಎಷ್ಟು ಒಳ್ಳೆಯ ಮನುಷ್ಯ, ಹೇಳದೆ ಅರ್ಥ ಮಾಡಿಕೊಂಡ ಎಂದು ಗೌಡರ ಕಣ್ಣು ತುಂಬಿ ಬಂತು. ಆ ಒಳ್ಳೆಯ ಮನುಷ್ಯ ಮಧ್ಯಾಹ್ನ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಕಡೇಗದ್ದೆಯ ಕಡೆಯ ನಾಲ್ಕು ಜನಕ್ಕೆ ಪಿಸ್ತೂಲು ತಿಮ್ಮಪ್ಪ ಗೌಡರ ಸಲುವಾಗಿ ಎಂಬ ವಿಷಯ ತಿಳಿಸಿದರು. ಅವರಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಮೂಡಿಗೆರೆಯಲ್ಲಿ ಆಗ ಹೊತ್ತು ಹೋಗುವುದೇ ಕಷ್ಟವಿತ್ತು. ತಮ್ಮ ಕಥೆ ಅರ್ಧಕ್ಕೆ ನಿಲ್ಲಬಾರದೆಂದೋ ಏನೋ, ಅರ್ಜಿಯನ್ನು ಅವರು ಎಷ್ಟು ಚುರುಕಾಗಿ ಮುಂದೆ ತಳ್ಳಿದರೆಂದರೆ ಆರು ವಾರದಲ್ಲಿ ಲೈಸೆನ್ಸು ಬಂತು.

ಚಿಕ್ಕಮಗಳೂರಿನ ಪೇಟೆಯಲ್ಲಿ ಕೋವಿ ರಿಪೇರಿ ಮಾಡಿ ಮಾರುವ ಒಬ್ಬ ವಯಸ್ಸಾದ ಸಾಬರಿದ್ದರು. ಗೌಡರು ತಮ್ಮ ತೋಟದ ಮೇಸ್ತ್ರಿ ಭೂತಯ್ಯನನ್ನು ಜೊತೆಗೆ ಕರೆದುಕೊಂಡು ಅಲ್ಲಿಗೆ ಹೋದರು. ಭೂತಯ್ಯನ ಕಿವಿಗೆ ಗುಮಾಸ್ತರ ಸುದ್ದಿ ಬಿದ್ದು ಆಗಲೇ ತಿಂಗಳಾಗಿತ್ತು. ಅವನು ಅಂಗಡಿಯ ಬಾಗಿಲಲ್ಲಿ ಛತ್ರಿ ಹಿಡಿದು, ಮೈಯೆಲ್ಲ ಕಿವಿಯಾಗಿ ನಿಂತ.

"ಎಂಥ ಕೆಲಸಕ್ಕೆ ಗೌಡ್ರೇ?" ಎಂದರು ಸಾಬರು.

"ಕೆಲಸದ ಮಾತು ಬಿಡಿ. ನನಗೆ ಮೂರು ಗುಣ ಬೇಕು. ಎಂಟು ಹತ್ತು ಹೆಜ್ಜೆಯಿಂದ ಹೊಡೆದ್ರೆ ಬಿದ್ದದ್ದು ಮತ್ತೆ ಏಳಬಾರದು. ಕೋಟಿನೊಳಗೆ ಇಟ್ಕೊಂಡ್ರೆ ಕೊನೇ ಗಳಿಗೆವರೆಗೆ ಯಾರ ಕಣ್ಣಿಗೂ ಕಾಣಬಾರದು. ಕೈಗೆ ಹಿತವಾಗಿರ್ಬೇಕು. ಹೊಡೆದು ಮನೆಗೆ ಬಂದು ಅದೇ ಕೈಯಲ್ಲಿ ನೆಮ್ಮದಿಯಾಗಿ ಊಟ ಮಾಡ್ಬೇಕು."

ಹಿಂದೆ ಛತ್ರಿ ನೆಲಕ್ಕೆ ಬಿದ್ದ ಸದ್ದಾಯಿತು.

ಸಾಬರು ನಲವತ್ತು ವರ್ಷದಲ್ಲಿ ಎಂಥೆಂಥ ಗಿರಾಕಿಗಳನ್ನೋ ಕಂಡವರು. "ಆ ಮೂರೂ ಒಂದರಲ್ಲೇ ತುಂಬಿದ ಪಿಸ್ತೂಲು ಇನ್ನೂ ಹುಟ್ಟಿಲ್ಲ ಗೌಡ್ರೇ," ಎಂದರು. "ಯಾವ ಎರಡು ಬೇಕು ಹೇಳಿ, ಕೊಡ್ತೀನಿ. ಮೂರನೇದಕ್ಕೆ ನೀವೇ ಸೈರಿಸ್ಕೊಳ್ಬೇಕು."

ಊರಾಚೆಯ ಕಲ್ಲುಕ್ವಾರಿಯಲ್ಲಿ ಪರೀಕ್ಷೆ ನಡೆಯಿತು. ಬಲಿತ ಹಲಸಿನಕಾಯಿಯೊಂದನ್ನು ಗುರಿಗೆ ಇಟ್ಟರು. ಸಾಬರು ಅದನ್ನು ನೆಲದ ಮೇಲಿಟ್ಟಿದ್ದರು. ತಾನು ನಿಲ್ಲುವ ಕಂಡಿ ಇಳಿಜಾರಿನ ಬುಡದಲ್ಲಿದೆ, ಹಂದಿ ಮೇಲಿನಿಂದ ಬರುತ್ತದೆ ಎಂಬ ಲೆಕ್ಕದ ಮೇಲೆ ಗೌಡರು, "ಮೇಲೆ ಎತ್ತಿಡಿ, ಎದೆ ಮಟ್ಟಕ್ಕೆ," ಎಂದರು. ಭೂತಯ್ಯ ಹಲಸಿನಕಾಯಿಯನ್ನು ಎತ್ತಿಟ್ಟು, ದೂರ ಸರಿದು ಅದರ ಎತ್ತರ ನೋಡಿದ. ಅದು ಸರಿಯಾಗಿ ತಿಮ್ಮಪ್ಪ ಗೌಡರ ಎದೆಯ ಮಟ್ಟವೂ ಆಗಿತ್ತು.

ಮೊದಲನೆಯದು ದಂಡಿನಿಂದ ಬಂದ ಭಾರಿ ರಿವಾಲ್ವರು. ಎರಡು ಕೈಯಲ್ಲಿ ಎತ್ತಬೇಕು. ಗೌಡರು ಕಣ್ಣುಮುಚ್ಚಿ ಕುದುರೆ ಎಳೆದರು. ಗುಡ್ಡವೇ ಕೆಮ್ಮಿದಂತಾಯಿತು. ಕಣ್ಣು ಬಿಟ್ಟಾಗ ಪಿಸ್ತೂಲಿನ ಮೂತಿ ಆಕಾಶ ನೋಡುತ್ತಿತ್ತು.

"ಇದು ಭಾರ ಇರೋದ್ರಿಂದ ಒದೆತದಲ್ಲಿ ಅರ್ಧ ಅದೇ ನುಂಗ್ತದೆ," ಎಂದರು ಸಾಬರು.

"ಉಳಿದರ್ಧ?"

"ಅದು ನಿಮ್ಮ ಪಾಲಿಗೆ."

ಕೋಟಿನೊಳಗೆ ಇಟ್ಟು ನೋಡಿದರೆ ಕೋಟು ಒಂದು ಕಡೆಗೆ ಮೊಣಕಾಲಿನತನಕ ಇಳಿಯಿತು. ಗೌಡರು ತಲೆಯಾಡಿಸಿ ಎರಡನೆಯದನ್ನು ನೋಡಿದರು. ಅದು ಗಿಡ್ಡ ಮೂತಿಯದು, ಅಂಗೈಗಿಂತ ಸ್ವಲ್ಪವೇ ದೊಡ್ಡದು. ಹೊಟ್ಟೆಯಲ್ಲಿ ಮಾತ್ರ ಅದೇ ದಪ್ಪ ಗುಂಡು. ತಮ್ಮ ಸಿದ್ಧಾಂತಕ್ಕೆ ರೂಪ ಬಂದದ್ದು ಕಂಡು ಗೌಡರಿಗೆ ಹಿಗ್ಗೋ ಹಿಗ್ಗು. "ಬೇಡ ಗೌಡ್ರೇ, ಗುಂಡು ದೊಡ್ಡದು ಮೈ ಸಣ್ಣದು, ಒದೆತ ನುಂಗೋಕೆ ಅದಕ್ಕೆ ಮೈಯೇ ಇಲ್ಲ," ಎಂದು ಸಾಬರು ಹೇಳಿ ಮುಗಿಸುವ ಮೊದಲೇ ಕುದುರೆ ಎಳೆದಾಗಿತ್ತು. ಆ ಪಿಸ್ತೂಲು ಗೌಡರ ಕೈಬಿಟ್ಟು, ತಲೆಯ ಮೇಲಿಂದ ಹಾರಿ, ಹಿಂದೆ ಲಂಟಾನದ ಪೊದೆಯಲ್ಲಿ ಸಿಕ್ಕಿತು. ಜೊತೆಗೆ ಒಂದು ವರ್ಷ ಸಾಕಿದ ಸಿದ್ಧಾಂತವೂ ಹಾರಿಹೋಯಿತು. ಗೌಡರು ಕಲ್ಲಿನ ಮೇಲೆ ಕೂತು ಮಣಿಕಟ್ಟು ಒತ್ತಿಕೊಂಡರು. ಬೇಲಿಯಾಚೆ ಹೆಂಗಸರು ನಗುವುದು, ನೇರಳೆ ಕಂಡಿಯಲ್ಲಿ ಬೇರೆ ಯಾರೋ ನಿಲ್ಲುವುದು, ಶಂಕರಮ್ಮ ದಿನವೂ ಎದುರಿಗೆ ಕೂತು ನೋಡುವುದು, ಎಲ್ಲ ಕಣ್ಣೆದುರು ಬಂದು ಅವರಿಗೆ ನಿಜವಾಗಿಯೂ ಅಳು ಬಂತು.

ಮೂರನೆಯದು ಅಡಕೆ ಡಬ್ಬಿಯಷ್ಟೇ ಇತ್ತು. ಹೊಡೆದದ್ದು ಕೈಗೆ ಗೊತ್ತಾಗಲಿಲ್ಲ. ಹಲಸಿನಕಾಯಿಗೂ ಗೊತ್ತಾಗಲಿಲ್ಲ. ಹತ್ತಿರ ಹೋಗಿ ನೋಡಿದರೆ ಗುಂಡು ಮೇಣದಲ್ಲಿ ಅಂಟಿಕೊಂಡು ಕೂತಿತ್ತು.

"ಇದರಿಂದ ಏಳದಹಾಗೆ ಮಾಡ್ಬೇಕು ಅಂದ್ರೆ?"

"ಬಾಯೊಳಗಿಟ್ಟು ಹೊಡೀಬೇಕು," ಎಂದರು ಸಾಬರು.

ಭೂತಯ್ಯ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಕೊನೆಗೆ ಸಾಬರು ಬಟ್ಟೆಯೊಳಗಿಂದ ಮತ್ತೊಂದನ್ನು ತೆಗೆದರು. ದೊಡ್ಡದಲ್ಲ, ಸಣ್ಣದಲ್ಲ, ಆರು ಗುಂಡಿನದು. ಮರದ ಹಿಡಿ ಅಂಗೈ ತುಂಬ ಕೂತಿತು. ಹೊಡೆದಾಗ ಯಾರೋ ಗೆಳೆಯ ಕೈಕುಲುಕಿದಷ್ಟು ಅದುರಿತು. ಹಲಸಿನಕಾಯಿಯ ಈ ಕಡೆ ಒಂದು ತೂತು, ಆ ಕಡೆ ಒಂದು ತೂತು. "ಇದ್ರಲ್ಲಿ ಬಲವೂ ಸ್ವಲ್ಪ ಕಮ್ಮಿ, ಬಚ್ಚಿಡೋದಕ್ಕೂ ಸ್ವಲ್ಪ ದೊಡ್ಡದು, ಕೈಗೂ ಸ್ವಲ್ಪ ನೋವೇ. ಆದ್ರೆ ಯಾವುದೂ ತಡೆಯಲಾಗದಷ್ಟಿಲ್ಲ. ಸಂಸಾರಸ್ಥರು ಇದನ್ನೇ ತಗೊಳ್ಳೋದು," ಎಂದರು ಸಾಬರು. ಗೌಡರು ಅದನ್ನು ಕೊಂಡುಕೊಂಡರು.

ಭೂತಯ್ಯ ಊರಿಗೆ ಬಂದವನು ಕೈಕಾಲು ತೊಳೆಯುವ ಮೊದಲು ತಿಮ್ಮಪ್ಪ ಗೌಡರ ಮನೆಗೆ ಹೋದ. ಎಂಟು ಹೆಜ್ಜೆ, ಎದೆ ಮಟ್ಟ, ಕೋಟಿನೊಳಗೆ, ಆಮೇಲೆ ಅದೇ ಕೈಯಲ್ಲಿ ಊಟ. ಒಂದೂ ಬಿಡದೆ ಒಪ್ಪಿಸಿದ.

ಮಾರನೇ ದಿನ ಬೆಳಗ್ಗೆ ತಿಮ್ಮಪ್ಪ ಗೌಡರು ಮೂರು ವರ್ಷದ ಹಿಂದೆ ಎರವಲು ಒಯ್ದಿದ್ದ ಹಾರೆಯನ್ನು ತೊಳೆದು ಎಣ್ಣೆ ಹಚ್ಚಿ ಕಳಿಸಿದರು. ಅದರ ಮಾರನೇ ದಿನ ಒಂದು ಕೊಡ ಜೇನುತುಪ್ಪ ಬಂತು. ಮೂರನೇ ದಿನ ಪುಟ್ಟಸ್ವಾಮಿ ಗೌಡರು ತೋಟಕ್ಕೆ ಹೋಗಿ ನೋಡಿದರೆ ಕೋರ್ಟಿನಲ್ಲಿದ್ದ ಬೇಲಿ ತಾನಾಗಿ ಮೂರಡಿ ಹಿಂದೆ ಸರಿದು ಕೂತಿತ್ತು. ಗೌಡರ ಮೈ ಉರಿದುಹೋಯಿತು. ಕಂಡಿ ಬಿಟ್ಟು ಓಡಿದವನ ಹತ್ತಿರ ಎಂಥ ಜಗಳ ಎಂದು ತನಗೆ ಭಿಕ್ಷೆ ಹಾಕುತ್ತಿದ್ದಾನೆ ಈ ತಿಮ್ಮಪ್ಪ! ಅಂದಿನಿಂದ ಅವರು ಬೇಲಿಯ ಬಳಿ ನಿಂತು, ಒಂದು ಮಾತೂ ಆಡದೆ, ತಿಮ್ಮಪ್ಪ ಗೌಡರನ್ನು ಕೆಕ್ಕರಿಸಿ ನೋಡತೊಡಗಿದರು. ಅವರು ಹಾಗೆ ನೋಡಿದಷ್ಟೂ ಬೇಲಿ ಹಿಂದೆ ಹೋಯಿತು.

ಊರಿನವರೂ ಬದಲಾದರು. ಗೌಡರು ದಾರಿಯಲ್ಲಿ ಬಂದರೆ ಜನ ಗದ್ದೆಗೆ ಇಳಿದು ದಾರಿ ಬಿಡುತ್ತಿದ್ದರು. ಅಂಗಡಿಯ ಜಗಲಿಯಲ್ಲಿ ಕೂತರೆ ಉಳಿದವರೆಲ್ಲ ಒಂದೊಂದು ಕೆಲಸ ನೆನಪು ಮಾಡಿಕೊಂಡು ಏಳುತ್ತಿದ್ದರು. ಹೇಡಿಯ ಪಕ್ಕದಲ್ಲಿ ಕೂರುವುದಕ್ಕೂ ಇವರಿಗೆ ನಾಚಿಕೆ ಎಂದು ಗೌಡರು ಒಳಗೊಳಗೇ ಕುದಿದರು. ಅವರ ಮುಖ ದಿನೇ ದಿನೇ ಗಂಟಿಕ್ಕುತ್ತ ಹೋಗಿ, ಯುಗಾದಿ ಬರುವ ಹೊತ್ತಿಗೆ ಕೊಲೆ ಮಾಡುವವನ ಮುಖ ಹೇಗಿರಬೇಕೋ ಹಾಗೇ ಆಯಿತು.

ತಿಮ್ಮಪ್ಪ ಗೌಡರ ಹೆಂಡತಿ ರಂಗಮ್ಮ ಅಳುತ್ತ ಶಂಕರಮ್ಮನ ಹಿತ್ತಲಿಗೆ ಬಂದರು. "ಅಕ್ಕಾ, ನನ್ನ ತಾಳಿ ನಿಮ್ಮ ಕೈಲಿದೆ. ನಿಮ್ಮನೆಯವ್ರಿಗೆ ಒಂದು ಮಾತು ಹೇಳಿ."

ಸಂಗತಿ ಏನೆಂದು ಕೇಳಿ ಶಂಕರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮನೆಯವ್ರಾ? ಮಾರಾಯ್ತಿ, ಮನೇಲಿ ಕೋಳಿ ಕುಯ್ಯೋವಾಗ ಕೊಟ್ಟಿಗೆ ಹಿಂದೆ ಹೋಗಿ ಕಿವಿ ಮುಚ್ಕೊಂಡು ನಿಲ್ತಾರೆ."

"ಅಂಥವ್ರೇ ಅಕ್ಕಾ ಮಾಡೋದು!" ಎಂದು ರಂಗಮ್ಮ ಇನ್ನೂ ಜೋರಾಗಿ ಅತ್ತರು.

ತಿಮ್ಮಪ್ಪ ಗೌಡರು ಪೊಲೀಸಿಗೂ ಬರೆದುಕೊಂಡರು. ಒಬ್ಬ ದಫೇದಾರರು ಬಂದು, ಪುಟ್ಟಸ್ವಾಮಿ ಗೌಡರ ಜಗಲಿಯಲ್ಲಿ ಎರಡು ಲೋಟ ಕಾಫಿ ಕುಡಿದು, ಲೈಸೆನ್ಸನ್ನು ಬೆಳಕಿಗೆ ಹಿಡಿದು ನೋಡಿ, ಪಿಸ್ತೂಲನ್ನು ಕೈಯಲ್ಲಿ ತೂಗಿ, "ಒಳ್ಳೇ ಮಾಲು," ಎಂದು ಮೆಚ್ಚಿದರು. ಅಲ್ಲಿಂದ ನೇರ ತಿಮ್ಮಪ್ಪ ಗೌಡರ ಮನೆಗೆ ಹೋದರು.

"ಕಾಗದಪತ್ರ ಎಲ್ಲಾ ಸರಿ ಇದೆ ಗೌಡ್ರೇ. ಏನೂ ನಡೆಯದೆ ನಾವು ಎಂಥ ಮಾಡೋದು ಹೇಳಿ? ಏನಾದ್ರೂ ಆದ ತಕ್ಷಣ ನೀವೊಂದು ಅರ್ಜಿ ಕೊಡಿ."

"ಆದ ಮೇಲೆ ನಾನು ಹೆಂಗೆ ಕೊಡ್ಲಿ ಸ್ವಾಮೀ?"

ದಫೇದಾರರು ಯೋಚಿಸಿದರು. "ಹೌದಲ್ಲ. ಹಂಗಾದ್ರೆ ಮನೆಯವ್ರ ಕೈಲಿ ಕೊಡ್ಸಿ."

ಷಿಕಾರಿಯ ದಿನ ಬಂತು. ತಿಮ್ಮಪ್ಪ ಗೌಡರ ಬಂಡೆ ಕಂಡಿ ನೇರಳೆ ಕಂಡಿಯಿಂದ ನಲವತ್ತು ಹೆಜ್ಜೆ ಅಷ್ಟೇ. ಷಿಕಾರಿಯಲ್ಲಿ ಗುಂಡು ತಪ್ಪಿ ಮನುಷ್ಯರಿಗೆ ತಗಲಿತು ಎಂದರೆ ಯಾವ ಕೋರ್ಟೂ ಹೆಚ್ಚು ಕೇಳುವುದಿಲ್ಲ ಎಂದು ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು. ಮನೆಯಲ್ಲೇ ಉಳಿಯೋಣವೆಂದರೆ ಅವರಿಗೂ ಬಾಳೆಲೆಯ ಚಿಂತೆ. ಆದ್ದರಿಂದ ತಿಮ್ಮಪ್ಪ ಗೌಡರು ಎದೆಗೆ ಒಂದು ಹಿತ್ತಾಳೆ ಪರಾತ ಕಟ್ಟಿಕೊಂಡು, ಅದರ ಮೇಲೆ ಎರಡು ಕಂಬಳಿ ಹೊದ್ದು, ದೇವರಿಗೆ ಕೈಮುಗಿದು ಬಂದರು. ಸುಡು ಬಿಸಿಲು. ಹೆಜ್ಜೆ ಇಟ್ಟಾಗೆಲ್ಲ ಪರಾತ ಠಣ್ಣೆನ್ನುತ್ತಿತ್ತು. ಕೇಳಿದವರು ಯಾರೂ ನಗಲಿಲ್ಲ.

ಗುರುವಯ್ಯ ಎಲ್ಲರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿದ. ಪುಟ್ಟಸ್ವಾಮಿ ಗೌಡರ ಕೈಯಲ್ಲಿ ಕೋವಿ ಇಲ್ಲದ್ದನ್ನು ನೋಡಿ ಹುಬ್ಬೇರಿಸಿದ. ಗೌಡರು ಕೋಟಿನ ಮೇಲೆ ಕೈಯಿಟ್ಟು, "ಇದೆ," ಎಂದರು. ಗುರುವಯ್ಯ ಒಮ್ಮೆ ತಿಮ್ಮಪ್ಪ ಗೌಡರ ಕಡೆ ನೋಡಿ ಕಾಡಿನೊಳಗೆ ಹೋದ.

ಕಾಡು ಸುಮ್ಮನಾಯಿತು. ಒಂದು ಎಲೆ ಅಲುಗಲಿಲ್ಲ. ಗೌಡರು ಪಿಸ್ತೂಲನ್ನು ಹೊರಗೆ ತೆಗೆದರು. ಕೈ ಬೆವರಿ ಹಿಡಿ ಜಾರುತ್ತಿತ್ತು. ಹೇಗೆ ನಿಲ್ಲಬೇಕು, ಯಾವ ಕಾಲು ಮುಂದೆ ಇಡಬೇಕು ಎಲ್ಲವೂ ಮರೆತುಹೋಗಿತ್ತು. ತಿಮ್ಮಪ್ಪ ಹೇಗೆ ನಿಂತಿದ್ದಾನೋ ನೋಡಿ ಹಾಗೇ ನಿಲ್ಲೋಣವೆಂದು ಅವರು ತಿಮ್ಮಪ್ಪ ಗೌಡರನ್ನೇ ನೋಡತೊಡಗಿದರು. ತಿಮ್ಮಪ್ಪ ಗೌಡರು ಕಾಡಿಗೆ ಬೆನ್ನು ಹಾಕಿ, ಕೋವಿಯನ್ನು ಮುಟ್ಟಿದರೆ ಹಾರುವ ಹಾಗೆ ಸಜ್ಜುಮಾಡಿಕೊಂಡು, ಪುಟ್ಟಸ್ವಾಮಿ ಗೌಡರನ್ನೇ ನೋಡುತ್ತಿದ್ದರು. ಇವರು ಎಡಗಾಲು ಮುಂದಿಟ್ಟರು, ಅವರು ಎಡಗಾಲು ಹಿಂದಿಟ್ಟರು. ಇವರು ಬೆವರು ಒರೆಸಿಕೊಳ್ಳಲು ಕೈ ಎತ್ತಿದರು, ಅವರು ಕಣ್ಣುಮುಚ್ಚಿ ದೇವರ ಹೆಸರು ಹೇಳಿದರು.

ದೂರದಲ್ಲಿ ಬೊಬ್ಬೆ ಎದ್ದಿತು. ನಾಯಿಗಳು ಒಮ್ಮೆಲೇ ಬೊಗಳಿದವು. ಮೇಲಿನ ಇಳಿಜಾರಿನಲ್ಲಿ ಪೊದೆ ಮುರಿಯುವ ಸದ್ದು ಹತ್ತಿರ, ಇನ್ನೂ ಹತ್ತಿರ ಬಂತು. ಹೋದ ವರ್ಷದ ಸದ್ದು! ಓಡು ಎಂದಿತು ಗೌಡರ ಮನಸ್ಸು. ಕಾಲುಗಳಿಗೆ ಅದು ಕೇಳಿಸಲಿಲ್ಲ. ಮೊಣಕಾಲಿನಿಂದ ಕೆಳಗೆ ಯಾರೋ ನೆಲದಲ್ಲಿ ಹೂತಂತಾಗಿತ್ತು. ಸದ್ದು ಎರಡು ಕಂಡಿಗಳ ನಡುವಿನ ಪೊದೆಗೆ ಬಂತು. ಗೌಡರು ಪಿಸ್ತೂಲನ್ನು ಆ ಕಡೆಗೆ ಎತ್ತಿದರು. ಆ ಕಡೆಯೇ ತಿಮ್ಮಪ್ಪ ಗೌಡರೂ ಇದ್ದರು. ಗೌಡರು ಕಣ್ಣುಮುಚ್ಚಿದರು.

ಢಂ!

ಹೊಗೆಯ ವಾಸನೆ ಬಂತು. ಗೌಡರು ಒಂದು ಕಣ್ಣು ತೆರೆದು ನೋಡಿದರು. ಎಂಟು ಹೆಜ್ಜೆ ದೂರದಲ್ಲಿ ದೊಡ್ಡ ಹಂದಿಯೊಂದು ಕಾಲು ಚಾಚಿ ಬಿದ್ದಿತ್ತು. ಏಳಲಿಲ್ಲ. ಗೌಡರು ತಮ್ಮ ಕೈ ನೋಡಿಕೊಂಡರು, ಮಣಿಕಟ್ಟು ತಿರುಗಿಸಿದರು, ಭುಜ ಕುಣಿಸಿದರು. ಎಲ್ಲೂ ನೋವಿಲ್ಲ! ಇಷ್ಟು ದೊಡ್ಡ ಸದ್ದು, ಇಷ್ಟು ದೊಡ್ಡ ಹಂದಿ, ಕೈಗೆ ಒಂದು ಚೂರು ಅದುರಿಲ್ಲ! ಎಂಥ ಪಿಸ್ತೂಲು! ಎಂಥ ಸಾಬರು!

ಸೋವುವವರು ಓಡಿಬಂದರು. "ಗೌಡ್ರು ಹೊಡೆದ್ರು! ಪಿಸ್ತೂಲಲ್ಲಿ ಹೊಡೆದ್ರು!" ಎಂದು ಕೂಗಾಯಿತು. ಗೌಡರು ಮೀಸೆಗೆ ಕೈ ಹಾಕಿದರು. ಗುರುವಯ್ಯ ಬಂದು ಹಂದಿಯ ಪಕ್ಕದಲ್ಲಿ ಕೂತು ಗಾಯ ನೋಡಿದ. ಪಿಸ್ತೂಲಿನ ಗುಂಡಿಗೆ ಹೆಚ್ಚೆನಿಸುವ, ಹೆಬ್ಬೆರಳು ಆಡುವಷ್ಟು ದೊಡ್ಡ ತೂತು. ಅವನು ಎದ್ದು ಬಂದು, ಗೌಡರ ಕೈಯಿಂದ ಪಿಸ್ತೂಲು ತೆಗೆದುಕೊಂಡು ಮೂಸಿದ. ಮತ್ತೊಮ್ಮೆ ಮೂಸಿದ.

"ಬಿಚ್ಚಿ ಗೌಡ್ರೇ."

ಗೌಡರು ಬಿಚ್ಚಿದರು. ಆರು ಗುಂಡೂ ಆರು ಮೊಟ್ಟೆಗಳ ಹಾಗೆ ಕೂತಿದ್ದವು. ಗೌಡರ ಮೀಸೆಯ ಮೇಲಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು.

"ಹಂಗಾದ್ರೆ ಹೊಡೆದದ್ದು ಯಾರು?" ಎಂದ ಭೂತಯ್ಯ.

ಬಂಡೆ ಕಂಡಿಯಲ್ಲಿ ಯಾರೂ ಇರಲಿಲ್ಲ. ತಿಮ್ಮಪ್ಪ ಗೌಡರ ಕೋವಿ ಬಂಡೆಯ ಮೇಲೆ ಅಡ್ಡ ಬಿದ್ದು ಇನ್ನೂ ಹೊಗೆಯಾಡುತ್ತಿತ್ತು. ಮೇಲೆಲ್ಲೋ ಠಣ್ ಎಂದಿತು. ಎಲ್ಲರೂ ತಲೆಯೆತ್ತಿದರು. ಹೊನ್ನೆ ಮರದ ಮೇಲೆ, ಎರಡು ಕಂಬಳಿ ಹೊದ್ದ ತಿಮ್ಮಪ್ಪ ಗೌಡರು ಕೊಂಬೆ ತಬ್ಬಿಕೊಂಡು ಕೂತಿದ್ದರು. ಅವರು ಕೋವಿ ಬಿಸಾಡಿ ಮರ ಹತ್ತಿದ್ದರು, ಕೋವಿ ಬಂಡೆಗೆ ಬಡಿದು ಗುಂಡು ತಾನೇ ಹಾರಿತ್ತು.

"ಇಳೀರಿ ಗೌಡ್ರೇ," ಎಂದ ಗುರುವಯ್ಯ.

"ಇಳಿಯಲ್ಲ! ಮೊದ್ಲು ಅವ್ನ ಪಿಸ್ತೂಲು ಕಿತ್ಕೊಳಿ! ಬೇಲಿ ಪೂರಾ ಅವ್ನೇ ಇಟ್ಕೊಳ್ಲಿ, ತೋಟಾನೂ ಇಟ್ಕೊಳ್ಲಿ, ನನ್ನ ಕೊಲ್ಲೋದು ಬೇಡ ಅನ್ನಿ!"

"ನಿನ್ನ ಕೊಲ್ಲೋದಾ?" ಎಂದರು ಪುಟ್ಟಸ್ವಾಮಿ ಗೌಡರು. "ಎಂಥಕ್ಕೆ ಮಾರಾಯ?"

"ಮತ್ತೆ ಪಿಸ್ತೂಲು ಎಂಥಕ್ಕೆ ತಂದೆ?"

ಐವತ್ತು ಜನ ಪುಟ್ಟಸ್ವಾಮಿ ಗೌಡರ ಬಾಯಿ ನೋಡುತ್ತ ನಿಂತರು. ಹಾರೆ, ಜೇನುತುಪ್ಪ, ಸರಿದ ಬೇಲಿ, ದಾರಿ ಬಿಟ್ಟ ಜನ, ಎಲ್ಲದರ ಅರ್ಥ ಗೌಡರಿಗೆ ಒಂದೇ ಕ್ಷಣದಲ್ಲಿ ಆಯಿತು. ಇಡೀ ಊರು ತನಗೆ ಹೆದರಿತ್ತು! ಹುಟ್ಟಿದಾರಭ್ಯ ಯಾರೂ ಹೆದರದ ತನಗೆ! ಸುಮ್ಮನೆ ಒಂದು ಸಲ ಹೂಂಕರಿಸಿದರೆ ಸಾಕು, ಬಾಳೆಲೆಯೇನು, ಕಂಡಿಯೇನು, ಯಾರೂ ತುಟಿ ಬಿಚ್ಚುವುದಿಲ್ಲ. ಗೌಡರಿಗೆ ಆಸೆಯಾಯಿತು. ಬಹಳ ಆಸೆಯಾಯಿತು. ಮೇಲೆ ನೋಡಿದರು. ತಿಮ್ಮಪ್ಪನ ಕಾಲು ಗಡಗಡ ನಡುಗುತ್ತಿತ್ತು, ಚಡ್ಡಿ ಮೊಣಕಾಲಿನತನಕ ಹರಿದಿತ್ತು. ಹೋದ ವರ್ಷ ತನ್ನ ಕಾಲು ನಡುಗಿದ್ದೂ ಹೀಗೇ.

"ಭುಜಕ್ಕೆ," ಎಂದರು.

"ಎಂಥದು?"

"ಕೋವಿ ಒದೀತದೆ ಕಣೋ! ನನಗೆ ಭಯ! ಹಂದಿ ಅಂದ್ರೆ ಇಲ್ಲ, ನಮ್ಮಪ್ಪನ ಕೋವಿ ಅಂದ್ರೆ ಭಯ! ಒದೀದೇ ಇರೋದೊಂದು ಸಿಗ್ತದೇನೋ ಅಂತ ತಂದೆ. ಸಾಕಾ? ಇಳಿ ಈಗ!"

ಯಾರೋ ಒಬ್ಬ ಕಿಸಕ್ಕೆಂದ. ಐವತ್ತು ಜನಕ್ಕೂ ನಗು ಹತ್ತಿತು. ತಿಮ್ಮಪ್ಪ ಗೌಡರು ಠಣ್ ಠಣ್ಣೆನ್ನುತ್ತ ಮರ ಇಳಿದರು. ಪುಟ್ಟಸ್ವಾಮಿ ಗೌಡರು ತಲೆ ತಗ್ಗಿಸಿ, ಬುಟ್ಟಿ ಇರುವ ಕಡೆ ಹೋಗಿ ಸೋವುವವರ ಸಾಲಿನಲ್ಲಿ ಕೂತರು.

ಗುರುವಯ್ಯ ಮೂರು ಸಲ ಕೈತಟ್ಟಿದ ಮೇಲೆ ನಗು ನಿಂತಿತು.

"ಹಂದಿ ಹೊಡೆದದ್ದು ತಿಮ್ಮಪ್ಪ ಗೌಡ್ರ ಕೋವಿ," ಎಂದ. "ತಿಮ್ಮಪ್ಪ ಗೌಡ್ರು ಆ ಹೊತ್ತಿಗೆ ಅಲ್ಲಿರ್ಲಿಲ್ಲ. ಹಂಗಾಗಿ ಬಾಳೆಲೆ ಕೋವಿಗೆ. ಗೌಡ್ರು ಅದನ್ನ ಹೊತ್ಕೊಂಡು ಹೋಗ್ಬಹುದು." ಬುಟ್ಟಿಯ ಕಡೆ ತಿರುಗಿದ. "ಪುಟ್ಟಸ್ವಾಮಿ ಗೌಡ್ರೇ, ಅಲ್ಲೆಂಥಕ್ಕೆ ಕೂತ್ರಿ? ಈ ಕಡೆ ಬನ್ನಿ. ಹಂದಿ ಎಂಟು ಹೆಜ್ಜೆಗೆ ಬಂತು. ನೀವು ಕಂಡಿ ಬಿಟ್ಟಿರಾ?"

"ಇಲ್ಲ," ಎಂದರು ಗೌಡರು.

"ಹೊಡೆದವ್ರಿಗೆ ಪಾಲು ಅಂತ ಯಾರೂ ಹೇಳಿಲ್ಲ. ಕೋವಿ ಹಿಡ್ದು ಕಂಡೀಲಿ ನಿಂತವ್ರಿಗೆ ಅಂತ ಇರೋದು. ಇವ್ರು ಹಿಡ್ದಿದ್ರು, ನಿಂತಿದ್ರು. ಬಾಳೆಲೆ ತನ್ನಿ."

ಗುರುವಯ್ಯ ತಾನೇ ಪಾಲು ಕಟ್ಟಿ ಗೌಡರ ಕೈಗೆ ಕೊಟ್ಟ. ಗೌಡರು ಅವನ ಕಿವಿಯ ಹತ್ತಿರ ಬಾಗಿದರು. ಅವರಿಗೆ ಸುಳ್ಳು ಜೀರ್ಣವಾಗುವುದಿಲ್ಲ.

"ಗುರುವಯ್ಯ, ನಾನು ಧೈರ್ಯದಿಂದ ನಿಂತದ್ದಲ್ಲ. ಓಡ್ಬೇಕು ಅಂತಲೇ ಇದ್ದೆ. ಕಾಲು ಬರ್ಲಿಲ್ಲ."

ಗುರುವಯ್ಯ ಕತ್ತಿ ಒರೆಸುತ್ತ ಅಷ್ಟೇ ಮೆಲ್ಲಗೆ, "ಹಂದಿ ಎದುರಾದ್ರೆ ನಂಗೂ ಬರಲ್ಲ ಗೌಡ್ರೇ," ಎಂದ. "ಐವತ್ತು ವರ್ಷ ಆಯ್ತು."

ಗೌಡರು ಮನೆಗೆ ಹೋಗಿ ಬಾಳೆಲೆಯ ಕಟ್ಟನ್ನು ಹೆಂಡತಿಯ ಮುಂದಿಟ್ಟರು. ಶಂಕರಮ್ಮ ಅದನ್ನು ಮುಟ್ಟಿ ನೋಡಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ನಡೆದದ್ದನ್ನೆಲ್ಲ ಕೇಳಿದರು. ಗೌಡರು ಒಂದನ್ನೂ ಮುಚ್ಚಿಡದೆ ಹೇಳಿದರು.

"ಅಂದ್ರೆ ಒಂದು ಗುಂಡೂ ಹಾರ್ಲಿಲ್ಲ?"

"ಇಲ್ಲ."

"ಸುಮ್ನೆ ನಿಂತಿದ್ರಿ?"

"ಹೂಂ."

ಶಂಕರಮ್ಮ ಬಾಳೆಲೆಯ ಕಟ್ಟು ಎತ್ತಿಕೊಂಡು ಒಳಗೆ ಹೊರಟವರು ಬಾಗಿಲಲ್ಲಿ ನಿಂತು ತಿರುಗಿದರು.

"ಅಷ್ಟಕ್ಕೆ ಪಿಸ್ತೂಲು ಎಂಥಕ್ಕೆ ಬೇಕಿತ್ತು ಮಾರಾಯ್ರೇ? ಮೊದ್ಲೇ ಹೇಳಿದ್ರೆ ಒಂದು ಹಗ್ಗ ಕೊಟ್ಟು ಕಳಿಸ್ತಿದ್ದೆ, ನಿಮ್ಮಪ್ಪನ ಕೋವಿ ಹಿಡ್ಕೊಂಡೇ ಆ ನೇರಳೆ ಮರಕ್ಕೆ ಕಟ್ಕೊಂಡು ನಿಲ್ತಿದ್ರಿ."